ಮಡಿಯಿಂದ ನೈರ್ಮಲ್ಯಕ್ಕೆ: ಘಟಪ್ರಭೆಯ ದಂಡೆಯವರು ಕಲಿಯಬೇಕಾದ ಪಾಠ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಬೆಳಗಿನ ನೋಟ ಒಂದೇ. ಹೊತ್ತು ಮೂಡುವ ಮುನ್ನವೇ ತಾಯಂದಿರು ಅಂಗಳ ಗುಡಿಸಿ, ಸೆಗಣಿನೀರು ಚಿಮುಕಿಸಿ, ರಂಗೋಲಿ ಇಡುತ್ತಾರೆ. ಹಿತ್ತಾಳೆಯ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುತ್ತಾರೆ. ಸ್ನಾನವಾಗದೆ ಒಲೆ ಹೊತ್ತಿಸದ, ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆತನಗಳು ಇಂದಿಗೂ ನಮ್ಮಲ್ಲಿ ಅನೇಕ. ಇಷ್ಟು ಶುಚಿಯುಳ್ಳ ಜನ ಜಗತ್ತಿನಲ್ಲಿ ವಿರಳವೆಂದು ನಾವು ಹೆಮ್ಮೆಪಟ್ಟರೆ ತಪ್ಪಿಲ್ಲ. ಆದರೆ ಅದೇ ಮನೆಯ ಬಚ್ಚಲ ನೀರು ಹೊರಗೆ ಬಂದು ಓಣಿಯ ಗಟಾರಿನಲ್ಲಿ ನಿಲ್ಲುತ್ತದೆ. ಗುಡಿಸಿದ ಕಸ ಓಣಿಯ ತಿರುವಿನಲ್ಲಿ ಗುಡ್ಡೆಯಾಗುತ್ತದೆ. ಆ ಗಟಾರಿನ ನಡುವೆಯೇ ಕುಡಿಯುವ ನೀರಿನ ನಳದ ಪೈಪು ಹಾದುಹೋಗುತ್ತದೆ. ಮಳೆಗಾಲ ಬಂದೊಡನೆ ವಾಂತಿಭೇದಿಯ ಸುದ್ದಿಯೂ ಬರುತ್ತದೆ.

ಮನೆಯೊಳಗೆ ಇಷ್ಟು ಶುಚಿ, ಮನೆಯ ಹೊರಗೆ ಇಷ್ಟು ಅಶುಚಿ. ಇದು ಹೇಗಾಯಿತು? ನಮ್ಮ ಹಿರಿಯರ ಸ್ವಚ್ಛತೆಯ ಕಲ್ಪನೆ ಯಾವುದಿತ್ತು, ಅದು ಹೇಗೆ ಬದಲಾಗುತ್ತ ಬಂದಿತು, ಇನ್ನೂ ಎಲ್ಲಿ ಬದಲಾಗಬೇಕಿದೆ ಎಂಬುದನ್ನು ಈ ತಿಂಗಳ ಆರೋಗ್ಯ ವಿಭಾಗದಲ್ಲಿ ವಿಚಾರಿಸೋಣ.

ಶಬ್ದಗಳು ಹೇಳುವ ಕಥೆ

ನಮ್ಮ ಭಾಷೆಯಲ್ಲಿ ಸ್ವಚ್ಛತೆಗೆ ಹಲವು ಶಬ್ದಗಳಿವೆ. ಅವುಗಳ ಅರ್ಥ ಒಂದೇ ಅಲ್ಲ. ‘ಮಡಿ’ ಎಂಬುದು ವ್ಯಕ್ತಿಗೆ ಸಂಬಂಧಿಸಿದ್ದು. ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಇತರರ ಸ್ಪರ್ಶದಿಂದ ದೂರವಿರುವುದು. ‘ಶೌಚ’ ಎಂಬುದು ಯೋಗಶಾಸ್ತ್ರದಲ್ಲಿ ನಿಯಮಗಳ ಪೈಕಿ ಮೊದಲನೆಯದಾಗಿ ಎಣಿಸಲಾದ ದೊಡ್ಡ ಶಬ್ದ. ದೇಹ ಮತ್ತು ಮನಸ್ಸುಗಳ ಶುದ್ಧಿ ಅದರ ಅರ್ಥ. ಇಂದು ಅದು ಶೌಚಾಲಯದ ಫಲಕದ ಮೇಲೆ ಮಾತ್ರ ಉಳಿದಿದೆ. ‘ನೈರ್ಮಲ್ಯ’ವೆಂದರೆ ಮಲವಿಲ್ಲದಿರುವಿಕೆ. ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯಗಳನ್ನು ಕಳೆದುಕೊಳ್ಳುವುದೇ ಸಾಧನೆಯೆಂದು ಕೇಳಿ ಬಲ್ಲ ನಮಗೆ ಈ ಶಬ್ದ ಹೊಸದಲ್ಲ. ಆದರೆ ಇಂದು ಗ್ರಾಮ ಪಂಚಾಯತಿಯ ಕಡತದಲ್ಲಿ ‘ನೈರ್ಮಲ್ಯ’ವೆಂದರೆ ಗಟಾರು, ಕಸ, ಕುಡಿಯುವ ನೀರು, ಸಂಡಾಸು. ಶಬ್ದವು ಒಬ್ಬರಿಂದ ಊರಿಗೆ ಸರಿದಿದೆ.

ಇಂಥ ಬದಲಾವಣೆ ನಮ್ಮಲ್ಲಿ ಮಾತ್ರ ಆದುದಲ್ಲ. ಜಪಾನಿನಲ್ಲಿ ನಾಗಾಯೊ ಸೆನ್ಸಾಯ್ ಎಂಬ ವೈದ್ಯರು 1870ರ ದಶಕದಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಒಂದು ಹೆಸರು ಹುಡುಕಿದರು. ಪರದೇಶದ ಶಬ್ದವನ್ನು ಹಾಗೆಯೇ ತರದೆ, ಚೀನದ ಪ್ರಾಚೀನ ಗ್ರಂಥದಲ್ಲಿದ್ದ ‘ಐಸೇ’ ಎಂಬ ಶಬ್ದವನ್ನು ಆರಿಸಿಕೊಂಡರು. ‘ಜೀವವನ್ನು ಕಾಯುವುದು’ ಎಂಬುದು ಅದರ ಅರ್ಥ. ಮೊದಲು ಒಬ್ಬ ಮನುಷ್ಯ ತನ್ನ ಆಯುಷ್ಯವನ್ನು ಕಾಪಾಡಿಕೊಳ್ಳುವ ವಿದ್ಯೆಯಾಗಿದ್ದುದು ಮುಂದೆ ಇಡೀ ನಾಡಿನ ಜೀವಗಳನ್ನು ಕಾಯುವ ವ್ಯವಸ್ಥೆಯ ಹೆಸರಾಯಿತು. ಹಳೆಯ ಶಬ್ದವನ್ನು ಬಿಡದೆ ಅದರ ಅರ್ಥವನ್ನು ಹಿಗ್ಗಿಸಿಕೊಂಡ ಆ ಜಾಣ್ಮೆ ನಮಗೂ ಬೇಕು.

ಶರಣರು ಮಾಡಿದ ವಿಂಗಡಣೆ

ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಈ ವಿಷಯದಲ್ಲಿ ಒಂದು ದೊಡ್ಡ ವಿವೇಕವನ್ನು ತೋರಿದರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಅವರು ಒಪ್ಪಲಿಲ್ಲ. ಇದರ ತಾತ್ಪರ್ಯವನ್ನು ನಾವು ಸರಿಯಾಗಿ ತಿಳಿಯಬೇಕು. ಸ್ನಾನ ಬೇಡ, ಶುಚಿ ಬೇಡ ಎಂದು ಅವರು ಹೇಳಲಿಲ್ಲ. ಮನುಷ್ಯನ ಹುಟ್ಟು, ಹೆಣ್ಣಿನ ದೇಹಧರ್ಮ, ದುಡಿಯುವವನ ಕಾಯಕ ಇವು ಹೊಲೆಯಲ್ಲ ಎಂದರು. ಬಟ್ಟೆ ಮಡಿ ಮಾಡುವ ಕಾಯಕದ ಮಾಚಿದೇವರು ಅನುಭವ ಮಂಟಪದ ಶರಣರಲ್ಲಿ ಹಿರಿಯರೆನಿಸಿದರು. ಕೊಳೆ ತೆಗೆಯುವವನು ಕೊಳೆಯಾದವನಲ್ಲ ಎಂಬ ಮಾತು ಅಲ್ಲಿ ಆಚರಣೆಯಲ್ಲಿಯೇ ಸಿದ್ಧವಾಯಿತು.

ಇಂದಿನ ವೈದ್ಯವಿಜ್ಞಾನ ಹೇಳುವುದೂ ಇದನ್ನೇ. ರೋಗಾಣುವಿಗೆ ಜಾತಿಯಿಲ್ಲ. ಅದು ಮಲದಲ್ಲಿದೆ, ಕಲುಷಿತ ನೀರಿನಲ್ಲಿದೆ, ತೊಳೆಯದ ಕೈಯಲ್ಲಿದೆ. ಮುಟ್ಟಿದವರು ಯಾರು ಎಂಬುದು ಮುಖ್ಯವಲ್ಲ. ಮುಟ್ಟಿದ ಕೈ ತೊಳೆದಿತ್ತೇ ಎಂಬುದು ಮುಖ್ಯ. ಸೂತಕದ ಭಾವನೆ ಉಳಿದಲ್ಲಿ ಹಾನಿ ಹೇಗಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮುಟ್ಟಿನ ಬಟ್ಟೆಯನ್ನು ಯಾರಿಗೂ ಕಾಣಬಾರದೆಂದು ಕತ್ತಲೆಯ ಮೂಲೆಯಲ್ಲಿ, ಬೇರೆ ಬಟ್ಟೆಗಳ ಕೆಳಗೆ ಒಣಗಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹಸಿ ಆರದ ಬಟ್ಟೆಯಿಂದ ನಮ್ಮ ಹೆಣ್ಣುಮಕ್ಕಳಿಗೆ ತುರಿಕೆ, ಸೋಂಕು ಬರುತ್ತವೆ. ಸಾಬೂನು ಹಚ್ಚಿ ಒಗೆದು ಚುರುಕು ಬಿಸಿಲಿನಲ್ಲಿ ಒಣಗಿಸಿದರೆ ಆ ತೊಂದರೆ ಬಹುಮಟ್ಟಿಗೆ ಇಲ್ಲ. ಇಲ್ಲಿ ಬೇನೆ ತರುವುದು ಮುಟ್ಟಲ್ಲ, ಅದನ್ನು ಮುಚ್ಚಿಡುವ ನಾಚಿಕೆ.

ಪ್ಲೇಗು ಕಲಿಸಿದ್ದು

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಬೇನೆ ರೈಲುಮಾರ್ಗ ಹಿಡಿದು ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಹಬ್ಬಿತು. ಆಗ ನಾವು ಮುಂಬಯಿ ಇಲಾಖೆಗೆ ಸೇರಿದವರು. 1897ರಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಮನೆಗಳಿಗೆ ನುಗ್ಗಿ ತಪಾಸಣೆ ಮಾಡುವುದು, ರೋಗಿಗಳನ್ನು ಎಳೆದೊಯ್ಯುವುದು, ಸಾಮಾನುಗಳನ್ನು ಸುಡುವುದು ನಡೆಯಿತು. ಪುಣೆಯಲ್ಲಿ ಈ ಕಠೋರ ಕ್ರಮಗಳ ವಿರುದ್ಧ ಎದ್ದ ಸಿಟ್ಟು ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಹತ್ಯೆಯವರೆಗೆ ಹೋಯಿತು. ಜನರು ರೋಗಿಗಳನ್ನು ಬಚ್ಚಿಡತೊಡಗಿದರು. ವಿಶ್ವಾಸವಿಲ್ಲದ ಕಡೆ ಒಳ್ಳೆಯ ಕ್ರಮವೂ ವಿಫಲವಾಗುತ್ತದೆ ಎಂಬುದು ಆ ಕಾಲದ ಮೊದಲ ಪಾಠ.

ಎರಡನೆಯ ಪಾಠ ನಮ್ಮ ಹಿರಿಯರದು. ಮನೆಯಲ್ಲಿ ಇಲಿ ಸತ್ತು ಬಿದ್ದೊಡನೆ ಅವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಮಾರಿಯ ಮುನಿಸೆಂದು ಅವರು ತಿಳಿದಿರಬಹುದು. ಆದರೆ ಮಾಡಿದ ಕೆಲಸ ಸರಿಯಾಗಿತ್ತು. ಪ್ಲೇಗಿನ ಅಣುಜೀವಿಯನ್ನು ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದದ್ದು 1894ರಲ್ಲಿ, ಇಲಿಯ ಮೈಮೇಲಿನ ಚಿಗಟದಿಂದ ಅದು ಮನುಷ್ಯನಿಗೆ ತಗಲುತ್ತದೆಂದು ಸೀಮಾಂಡ್ ತೋರಿಸಿದ್ದು 1898ರಲ್ಲಿ. ಇಲಿ ಸತ್ತ ಮನೆಯನ್ನು ಬಿಡುವುದೆಂದರೆ ಹಸಿದ ಚಿಗಟಗಳಿಂದ ದೂರ ಹೋಗುವುದೇ ಆಗಿತ್ತು. ಮುಂದೆ ಸರಕಾರವೂ ಊರು ಬಿಡುವುದನ್ನು ಪ್ರೋತ್ಸಾಹಿಸಿತು.

ಮೂರನೆಯದು ಲಸಿಕೆಯ ಪಾಠ. ಹಾಫ್ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ತಾನು ಸಿದ್ಧಪಡಿಸಿದ ಪ್ಲೇಗು ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದನು. ಮರುವರ್ಷ ನಮ್ಮ ನೆರೆಯ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಅದನ್ನು ಹಾಕಿಸಿಕೊಂಡರು. ಉತ್ತರ ಕರ್ನಾಟಕದ ಜನ ಹೊಸದಕ್ಕೆ ಹಿಂಜರಿಯುವವರೆಂಬ ಮಾತು ಆಗಲೇ ಸುಳ್ಳಾಯಿತು.

ಶುಚಿಯಾದ ಮೈ, ಅಶುಚಿಯಾದ ಬಾವಿ

ಮಡಿ ಒಂದೇ ಸಾಲದೆಂಬುದನ್ನು ನಾರುಹುಣ್ಣಿನಷ್ಟು ಸ್ಪಷ್ಟವಾಗಿ ಮತ್ತಾವ ರೋಗವೂ ತೋರಿಸಿಲ್ಲ. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಅದು ಒಂದು ಕಾಲದಲ್ಲಿ ಮನೆಮಾತಾಗಿತ್ತು. ಕಾಲಿನಲ್ಲಿ ಬೊಕ್ಕೆಯೆದ್ದು, ಅದರೊಳಗಿನಿಂದ ನಾರಿನಂತಹ ಹುಳು ಹೊರಬರುತ್ತಿತ್ತು. ಉರಿ ತಾಳಲಾರದೆ ರೋಗಿ ಮೆಟ್ಟಿಲು ಬಾವಿಗಿಳಿದು ಕಾಲನ್ನು ನೀರಿನಲ್ಲಿ ಇಡುತ್ತಿದ್ದ. ಹುಳು ಆ ನೀರಿನಲ್ಲಿ ಮರಿಗಳನ್ನು ಬಿಡುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಜಲಕೀಟವೊಂದು ಆ ಮರಿಗಳನ್ನು ನುಂಗುತ್ತಿತ್ತು. ಆ ನೀರು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷದ ಬಳಿಕ ಹುಳು ತಲೆಯೆತ್ತುತ್ತಿತ್ತು.

ಬಾವಿಗಿಳಿದು ಮಿಂದು, ಅಲ್ಲಿಯೇ ಕೊಡ ತುಂಬಿಕೊಂಡು ಮೇಲೆ ಬರುವವರು ಮಡಿಯಲ್ಲಿದ್ದರು. ನೀರು ಮಾತ್ರ ಮಡಿಯಲ್ಲಿರಲಿಲ್ಲ. ಈ ರೋಗಕ್ಕೆ ಲಸಿಕೆಯಿಲ್ಲ, ಗುಣಪಡಿಸುವ ಮದ್ದೂ ಇಲ್ಲ. ಆದರೂ 1983–84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಅದನ್ನು ದೇಶದಿಂದಲೇ ಅಳಿಸಿತು. ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಹಗ್ಗದಿಂದ ನೀರು ಸೇದುವಂತೆ ಮಾಡಿದರು, ಕೊಳವೆಬಾವಿ ಕೊರೆದರು, ಮನೆಮನೆಯಲ್ಲಿ ನೀರನ್ನು ಬಟ್ಟೆಯಿಂದ ಸೋಸಿ ಕುಡಿಯುವಂತೆ ತಿಳಿಹೇಳಿದರು. ಭಾರತದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ. 2000ದಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾಯಿತು. ಸೋಸಿ ಕುಡಿಯುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಕೆಲಸವೇ. ಯಾವ ಕಾರಣಕ್ಕೆ, ಎಂಥ ಬಟ್ಟೆಯಿಂದ, ಎಲ್ಲರೂ ಒಟ್ಟಾಗಿ ಎಂಬುದಷ್ಟೇ ಹೊಸದು.

ಕಾಲರಾದ ಕಥೆಯೂ ನೀರಿನ ಕಥೆಯೇ. 1884ರಲ್ಲಿ ರಾಬರ್ಟ್ ಕಾಖ್ ಕಲಕತ್ತೆಯ ಕೆರೆಯೊಂದರ ನೀರಿನಲ್ಲಿ ಅದರ ಅಣುಜೀವಿಯನ್ನು ಗುರುತಿಸಿದರು. ಅದೇ ನಗರದಲ್ಲಿ 1959ರಲ್ಲಿ ಶಂಭುನಾಥ ಡೇ ಅವರು ಆ ಅಣುಜೀವಿ ಸೃಜಿಸುವ ವಿಷವೇ ಭೇದಿಗೆ ಕಾರಣವೆಂದು ತೋರಿಸಿದರು. 1971ರಲ್ಲಿ ಬಂಗಾಳದ ಗಡಿಯ ಬನಗಾಂವ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ ಮಹಲಾನಬೀಸ್ ಅವರು ಸಲಾಯಿನ್ ಬಾಟಲಿಗಳು ತೀರಿಹೋದಾಗ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ನಮ್ಮ ಅಂಗನವಾಡಿಗಳಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದಿರುವ ಸಾಧನೆ ಇದು.

ಕಸಬರಿಗೆ ಹಿಡಿದ ಕೈಗೆ ಗೌರವ

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರು ಅದರ ಮುಖ್ಯ ಸಂಘಟಕರು. ಮೇಲ್ಜಾತಿಯವರೆನಿಸಿಕೊಂಡ ಯುವಕರೂ ಅಲ್ಲಿ ಸ್ವಯಂಸೇವಕರಾಗಿ ಸಂಡಾಸು ಶುಚಿಗೊಳಿಸುವ ಕೆಲಸಕ್ಕೆ ನಿಂತರು. ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದ ಡಾ. ನಾ. ಸು. ಹರ್ಡೀಕರರ ಕಾರ್ಯಕ್ಷೇತ್ರ ಮುಂದೆ ಘಟಪ್ರಭಾ ಆಯಿತು. ಅಲ್ಲಿ 1929ರಲ್ಲಿ ಸ್ಥಾಪನೆಯಾದ ಕರ್ನಾಟಕ ಆರೋಗ್ಯ ಧಾಮ ನಮ್ಮ ಭಾಗದ ಹಳ್ಳಿಗರಿಗೆ ಬಹುಕಾಲ ಆಸರೆಯಾಗಿ ನಿಂತಿದೆ.

ಆದರೆ ಒಂದು ಅಧಿವೇಶನದ ದಿನಗಳಲ್ಲಿ ತೋರಿದ ಆದರ್ಶ ನಿತ್ಯದ ಬಾಳಿಗೆ ಇಳಿಯಲು ಬಹಳ ಕಾಲ ಬೇಕಾಯಿತು. ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸರಕಾರದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು. 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕೇಂದ್ರ ಕಾಯಿದೆ ಬಂದವು. ಆದರೂ ಸೆಪ್ಟಿಕ್ ಗುಂಡಿಗೆ ಮನುಷ್ಯನನ್ನು ಇಳಿಸುವ ಸುದ್ದಿ ನಾಡಿನ ಅಲ್ಲಲ್ಲಿ ಇನ್ನೂ ಕೇಳಿಬರುತ್ತದೆ. ಆ ಗುಂಡಿಯ ವಿಷಗಾಳಿ ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ. ಕಾಯಕವೇ ಕೈಲಾಸವೆಂದು ಹೇಳುವ ನಾವು, ನಮ್ಮ ಮಲಕ್ಕಾಗಿ ಇನ್ನೊಬ್ಬರ ಮಗನ ಜೀವವನ್ನು ಒತ್ತೆಯಿಡುವುದು ಯಾವ ನ್ಯಾಯ? ಗುಂಡಿ ತುಂಬಿದಾಗ ಯಂತ್ರದ ಗಾಡಿಯನ್ನೇ ಕರೆಸಬೇಕು. ಬೇರೆ ಮಾರ್ಗವಿಲ್ಲ.

ಬಯಲು ಮತ್ತು ಸಂಡಾಸು

ಹಿರಿಯರು ತಂಬಿಗೆ ಹಿಡಿದು ಬಯಲಿಗೆ ಹೋಗುತ್ತಿದ್ದುದನ್ನು ಇಂದಿನವರು ಹೀಗಳೆಯುತ್ತಾರೆ. ಅದರ ಹಿಂದೆಯೂ ಒಂದು ವಿಚಾರವಿತ್ತು. ಹೊಲಸು ಮನೆಯಿಂದ, ದೇವರಜಗಲಿಯಿಂದ, ಅಡುಗೆಯಿಂದ ದೂರವಿರಬೇಕು. ಊರು ಸಣ್ಣದಾಗಿ, ಬಯಲು ವಿಶಾಲವಾಗಿ, ಬಿಸಿಲು ತೀಕ್ಷ್ಣವಾಗಿ ಇದ್ದಾಗ ಆ ವಿಚಾರ ಒಂದು ಮಟ್ಟಿಗೆ ನಡೆಯಿತು. ಈಗ ಊರು ಬೆಳೆದಿದೆ. ಘಟಪ್ರಭೆಯ ನೀರಾವರಿಯಿಂದ ಹೊಲಗಳೆಲ್ಲ ಕಬ್ಬಾಗಿ ವರ್ಷವಿಡೀ ಹಸಿಯಾಗಿವೆ. ಬಯಲಿನ ಮಲ ಕಾಲುವೆಗೆ, ಹಳ್ಳಕ್ಕೆ, ಬಾವಿಗೆ ಇಳಿಯುತ್ತದೆ. ‘ದೂರ’ ಎಂಬುದೇ ಉಳಿದಿಲ್ಲ.

2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಿಂದ ಮನೆಮನೆಗೆ ಸಂಡಾಸು ಬಂದವು. ಆದರೆ ಕಟ್ಟುವುದು ಬೇರೆ, ಬಳಸುವುದು ಬೇರೆ. ಕೆಲವು ಮನೆಗಳಲ್ಲಿ ಅದು ಕಟ್ಟಿಗೆ, ಕುಳ್ಳು ಇಡುವ ಕೋಣೆಯಾಗಿದೆ. ಮುದುಕರೂ ಗಂಡಸರೂ ಇನ್ನೂ ಬಯಲಿಗೇ ಹೋಗುತ್ತಾರೆ. ಸಂಡಾಸು ಹೆಂಗಸರಿಗೆ ಮಾತ್ರ ಎಂಬ ಭಾವನೆಯಿದೆ. ಮನೆಯ ನಾಲ್ವರು ಬಳಸಿ ಒಬ್ಬರು ಬಯಲಿಗೆ ಹೋದರೂ ಊರಿನ ನೀರು ಕೆಡುತ್ತದೆ. ಇನ್ನೊಂದು ಭಯವೆಂದರೆ ಗುಂಡಿ ಬೇಗ ತುಂಬೀತು ಎಂಬುದು. ಇದಕ್ಕೆ ಎರಡು ಗುಂಡಿಯ ಪದ್ಧತಿ ಉತ್ತಮ ಪರಿಹಾರ. ಒಂದು ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿಟ್ಟ ಗುಂಡಿಯಲ್ಲಿನ ಮಲ ಒಂದೆರಡು ವರ್ಷಗಳಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ತಿಪ್ಪೆಯ ಗೊಬ್ಬರದ ಬೆಲೆ ಬಲ್ಲ ಒಕ್ಕಲಿಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಂಡಿಯಿಂದ ಬಾವಿ ಅಥವಾ ಕೊಳವೆಬಾವಿಗೆ ಕನಿಷ್ಠ 50 ಅಡಿ ಅಂತರವಿರಲಿ. ಸಂಡಾಸಿನ ಪೈಪನ್ನು ನೇರವಾಗಿ ಗಟಾರಿಗೆ ಬಿಡುವುದು ಬಯಲಿಗೆ ಹೋಗುವುದಕ್ಕಿಂತ ಕೆಟ್ಟದ್ದು.

ನೆರೆಯ ನೀರು, ನಳದ ನೀರು, ನಿಂತ ನೀರು

ನಮ್ಮ ಊರುಗಳಿಗೆ ನೀರಿನ ವಿದ್ಯೆ ಹೊಸದಲ್ಲ. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳೊಡನೆ, ನೆಲದೊಳಗಿನ ಕೊಳವೆಗಳ ಮೂಲಕ ಊರಿಗೆ ನೀರು ತಂದ ವ್ಯವಸ್ಥೆಯ ಕುರುಹುಗಳೂ ಇವೆ. ಇಂದು ಹಿಡಕಲ್ ಜಲಾಶಯ ಊರುಗಳಿಗೂ ಹೊಲಗಳಿಗೂ ನೀರುಣಿಸುತ್ತಿದೆ. ಆದರೆ 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ನಗರದ ಓಣಿಗಳು ಮುಳುಗಿದವು, ಲೋಳಸೂರ ಸೇತುವೆ ನೀರೊಳಗೆ ಹೋಯಿತು. 2021ರ ಜುಲೈಯಲ್ಲಿ ನೆರೆ ಮತ್ತೆ ಬಂದಿತು. ನೆರೆ ಬಂದಾಗ ಗಟಾರು, ಸಂಡಾಸಿನ ಗುಂಡಿ, ಕುಡಿಯುವ ನೀರಿನ ಬಾವಿ ಎಲ್ಲವೂ ಒಂದೇ ನೀರಾಗುತ್ತವೆ. ನೆರೆ ಇಳಿದ ಮೇಲಿನ ವಾರಗಳೇ ಹೆಚ್ಚು ಅಪಾಯದವು.

ನೆರೆಯಿಲ್ಲದೆಯೂ ಅಪಾಯ ಬರಬಹುದು. 2022ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾದರು, ಜೀವಹಾನಿಯೂ ಆಯಿತು. ಅಂಥ ಸುದ್ದಿಯನ್ನು ಓದಿ ಮರುಗಿದರೆ ಸಾಲದು. ನಮ್ಮ ಓಣಿಯ ಪೈಪು ಗಟಾರಿನೊಳಗೆ ಒಡೆದಿದೆಯೇ ಎಂದು ಎದ್ದು ಹೋಗಿ ನೋಡಬೇಕು. ನಳದಲ್ಲಿ ನೀರು ನಿಂತಾಗ ಒಡೆದ ಪೈಪು ಗಟಾರಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮರಳಿ ನೀರು ಬಿಟ್ಟಾಗ ಅದೇ ನಮ್ಮ ಕೊಡ ಸೇರುತ್ತದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಡೆಂಗಿ ಹರಡುವ ಸೊಳ್ಳೆ ಗಟಾರಿನಲ್ಲಿ ಹುಟ್ಟುವುದಲ್ಲ. ನಾವು ತಿಳಿಯಾಗಿದೆಯೆಂದು ಜೋಪಾನವಾಗಿ ಕೂಡಿಟ್ಟ ಹೌದು, ಹಂಡೆ, ಬಾನಿ, ತೊಟ್ಟಿಗಳ ನೀರಿನಲ್ಲಿಯೇ ಅದು ಮೊಟ್ಟೆಯಿಡುತ್ತದೆ; ಹಗಲಿನಲ್ಲಿಯೇ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಕಣ್ಣಿಗೆ ಸ್ವಚ್ಛವಾಗಿ ಕಾಣುವುದೆಲ್ಲ ಸ್ವಚ್ಛವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮನೆಯಲ್ಲಿ, ಓಣಿಯಲ್ಲಿ ನಾವು ಪಾಲಿಸಬೇಕಾದುದು

1. ಸಂಡಾಸಿನಿಂದ ಬಂದ ಮೇಲೆ, ಮಗುವಿನ ಮಲ ತೊಳೆದ ಮೇಲೆ, ಅಡುಗೆಗೆ ಮುನ್ನ, ಪ್ರಸಾದಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವುದು. ಬರೀ ನೀರು ಅಥವಾ ಮಣ್ಣು ಸಾಲದು. ಎಳೆಮಗುವಿನ ಮಲವೂ ಮಲವೇ. ಅದನ್ನೂ ಸಂಡಾಸಿಗೇ ಹಾಕಬೇಕು.

2. ಮಳೆಗಾಲದಲ್ಲಿ ಕುಡಿಯುವ ನೀರನ್ನು ಸೋಸಿ, ಕುದಿ ಬರುವವರೆಗೆ ಕಾಯಿಸಿ, ಆರಿಸಿ, ಮುಚ್ಚಿಡುವುದು. ಕೊಡದೊಳಗೆ ಕೈ ಅದ್ದದೆ ಹಿಡಿಯಿರುವ ಸವುಟಿನಿಂದ ತೆಗೆಯುವುದು. ಶುದ್ಧ ನೀರಿನ ಘಟಕದಿಂದ ತಂದರೂ ಕ್ಯಾನನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆಯದಿದ್ದರೆ ಪ್ರಯೋಜನವಿಲ್ಲ.

3. ಬಾವಿ, ಟಾಕಿಗಳಿಗೆ ಬ್ಲೀಚಿಂಗ್ ಪುಡಿ: 1000 ಲೀಟರು ನೀರಿಗೆ ಒಳ್ಳೆಯ ಪುಡಿ ಸುಮಾರು 2.5 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸುವುದು. ನೆರೆ ನುಗ್ಗಿದ ಬಾವಿಯನ್ನು ಮೊದಲು ಬರಿದುಮಾಡಿಸಿ, ಆರೋಗ್ಯ ಸಿಬ್ಬಂದಿಯಿಂದ ನೀರು ಪರೀಕ್ಷಿಸಿಕೊಂಡ ಮೇಲೆಯೇ ಕುಡಿಯುವುದು.

4. ವಾರದಲ್ಲಿ ಒಂದು ದಿನ ನೀರು ತುಂಬಿಡುವ ಎಲ್ಲ ಪಾತ್ರೆಗಳನ್ನೂ ಬರಿದುಮಾಡಿ, ತಿಕ್ಕಿ, ಒಣಗಿಸುವುದು. ನಮ್ಮಲ್ಲಿ ಸೋಮವಾರಕ್ಕೆ ಮುನ್ನ ಮನೆ ಸಾರಿಸಿ ತೊಳೆಯುವ ರೂಢಿ ಹೇಗೂ ಇದೆ. ಅದಕ್ಕೇ ಇದನ್ನು ಸೇರಿಸಿದರೆ ಮರೆಯುವುದಿಲ್ಲ.

5. ವಾಂತಿಭೇದಿಯಾದರೆ ಮೊದಲ ಗಳಿಗೆಯಿಂದಲೇ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಎಳೆಮಗುವಿಗೆ ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು. ಒಂದೇ ಓಣಿಯಲ್ಲಿ ಮೂರು-ನಾಲ್ಕು ಮಂದಿಗೆ ಭೇದಿಯಾದರೆ ಆಶಾ ಕಾರ್ಯಕರ್ತೆಗೂ ಪಂಚಾಯತಿಗೂ ಅಂದೇ ತಿಳಿಸಬೇಕು. ಮುಚ್ಚಿಟ್ಟರೆ ಊರಿಗೆ ಹಬ್ಬುತ್ತದೆ.

6. ಜಾತ್ರೆ, ದಾಸೋಹಗಳಲ್ಲಿ ಪಂಕ್ತಿಯ ಮುಂದೆಯೇ ಕೈ ತೊಳೆಯಲು ನೀರು, ಸಾಬೂನು ಇರಬೇಕು. ಭೇದಿಯಾದವರು ಆ ದಿನ ಅಡುಗೆ, ಬಡಿಸುವ ಸೇವೆಯಿಂದ ದೂರವಿದ್ದು ಬೇರೆ ಸೇವೆ ಮಾಡಲಿ. ಇದು ಸೂತಕವಲ್ಲ, ಉಣ್ಣುವವರ ಮೇಲಿನ ಕಾಳಜಿ.

ನದಿ ಎಲ್ಲಿಗೆ ಹೋಗುತ್ತದೆ?

ಹುಕ್ಕೇರಿ ಸೀಮೆಯನ್ನು ದಾಟಿ, ಗೋಕಾಕದಲ್ಲಿ ಧುಮುಕಿ, ಮೂಡಲಗಿಯ ದಂಡೆಗಳನ್ನು ತೋಯಿಸಿ ಹರಿಯುವ ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದೇ ಕೃಷ್ಣೆ ಕೂಡಲಸಂಗಮವನ್ನು ಮುಟ್ಟುತ್ತದೆ. ನಾವು ಭಕ್ತಿಯಿಂದ ತಲೆಬಾಗುವ ಆ ಕ್ಷೇತ್ರದ ನೀರಿನಲ್ಲಿ ನಮ್ಮ ಓಣಿಯ ಗಟಾರಿನ ಒಂದು ಪಾಲೂ ಇದೆ. ಮನೆಯ ಹೊಸ್ತಿಲವರೆಗೆ ಮಡಿ, ಅಲ್ಲಿಂದಾಚೆ ಪಂಚಾಯತಿಯ ಪಾಡು ಎಂಬ ಲೆಕ್ಕವನ್ನು ನದಿ ಒಪ್ಪುವುದಿಲ್ಲ.

ಹಿರಿಯರ ಮಡಿಯನ್ನು ನಾವು ಬಿಡಬೇಕಾಗಿಲ್ಲ. ಅದರ ಎಲ್ಲೆಯನ್ನು ಹೊಸ್ತಿಲಿನಿಂದ ಓಣಿಗೆ, ಓಣಿಯಿಂದ ಊರಿಗೆ, ಊರಿನಿಂದ ನದಿಗೆ ಹಿಗ್ಗಿಸಬೇಕಾಗಿದೆ.

ಶಿವಾನುಭವ ಗೋಷ್ಠಿಯಲ್ಲಿ ಚಿಂತನೆಗೆ

• ನಮ್ಮ ಓಣಿಯಲ್ಲಿ ಕುಡಿಯುವ ನೀರಿನ ಪೈಪು ಗಟಾರನ್ನು ಎಲ್ಲೆಲ್ಲಿ ದಾಟುತ್ತದೆ? ನೋಡಿ ಬಂದು ಹೇಳುವವರು ಯಾರು?

• ನಮ್ಮ ಮನೆಯ ಸಂಡಾಸನ್ನು ಎಲ್ಲರೂ ಬಳಸುತ್ತಿದ್ದೇವೆಯೇ? ಇಲ್ಲದಿದ್ದರೆ ಅಡ್ಡಿ ಯಾವುದು?

• ನಮ್ಮ ಊರಿನ ಕಸ ಎತ್ತುವವರ ಹೆಸರು ನಮಗೆ ಗೊತ್ತಿದೆಯೇ? ಅವರಿಗೆ ಕೈಗವಸು, ಬೂಟು ಇವೆಯೇ? ದಾಸೋಹದ ಪಂಕ್ತಿಯಲ್ಲಿ ಅವರು ನಮ್ಮ ಪಕ್ಕದಲ್ಲಿ ಕುಳಿತಿದ್ದಾರೆಯೇ?